ಚಾರಣ ನಿಂತ ವರ್ಷ: ಮನೆ ಮೆಟ್ಟಿಲಲ್ಲಿ ಕುಮಾರ ಪರ್ವತಕ್ಕೆ ತಯಾರಿ

ಕುಮಾರ ಪರ್ವತ ಹತ್ತಿ ಇಳಿದು ಬಂದು ವಾರ ಆಯಿತು. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ನಿಂತುಹೋದ ಚಾರಣ ಡಿಸೆಂಬರ್ ಕೊನೆಗೆ ಮತ್ತೆ ಶುರುವಾಯಿತು. ಹೋಗಿ ಬಂದ ಮೇಲೆ ಗೆಳೆಯರೆಲ್ಲ ಕೇಳುತ್ತಿರುವುದು ಒಂದೇ ಪ್ರಶ್ನೆ. ಇಷ್ಟು ದಿನ ಮನೆಯಲ್ಲೇ ಕೂತು, ಸೀದಾ ಹೋಗಿ ಅಷ್ಟು ದೊಡ್ಡ ಬೆಟ್ಟ ಹೇಗೆ ಹತ್ತಿದೆ? ಕುಮಾರ ಪರ್ವತದ ಎತ್ತರ 1,712 ಮೀಟರ್. ಅದರ ಬುಡದ ಊರು ಕುಕ್ಕೆ ಸುಬ್ರಹ್ಮಣ್ಯ ಇರುವುದು ತೀರಾ ತಗ್ಗಿನಲ್ಲಿ. ಹಾಗಾಗಿ ಕುಕ್ಕೆ ಕಡೆಯಿಂದ ಹತ್ತುವವರಿಗೆ 1,500 ಮೀಟರಿಗಿಂತ ಜಾಸ್ತಿ ಏರು ಸಿಗುತ್ತದೆ. ಮತ್ತೆ ಕಾಡು ಮುಚ್ಚುವ ದಿನ ಬಂದರೆ ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಆ ವರ್ಷ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಹಬ್ಬದ ರಜೆಗೆ ಕೊಡಚಾದ್ರಿಗೆ ಹೋಗುವುದು ಎಂದು ನಾವು ನಾಲ್ವರು ಮಾತಾಡಿಕೊಂಡಿದ್ದೆವು. ಬಸ್ ಟಿಕೆಟ್ ಆಗಿತ್ತು. ಹೋಮ್‌ಸ್ಟೇಗೆ ಮುಂಗಡವನ್ನೂ ಕಳಿಸಿದ್ದೆವು. ಮಾರ್ಚ್ ಎರಡನೇ ವಾರದಲ್ಲಿ ಕಲಬುರಗಿಯ ಸುದ್ದಿ ಬಂತು. ದೇಶದಲ್ಲಿ ಕೊರೋನಾದಿಂದ ಆದ ಮೊದಲ ಸಾವು ಅದು. ಅದರ ಹಿಂದೆಯೇ ರಾಜ್ಯದಲ್ಲಿ ಮಾಲ್, ಥಿಯೇಟರ್ ಎಲ್ಲ ಬಂದ್ ಆದವು. 22ಕ್ಕೆ ಜನತಾ ಕರ್ಫ್ಯೂ, ಸರಿಯಾಗಿ ಯುಗಾದಿ ದಿನದಿಂದ ಲಾಕ್‌ಡೌನ್. ಬೇವು ಬೆಲ್ಲ ತಿಂದು ಮನೆಯಲ್ಲೇ ಕೂತೆವು. ಬಸ್ ಟಿಕೆಟ್ ದುಡ್ಡು ತಡವಾಗಿಯಾದರೂ ವಾಪಸ್ ಬಂತು. ಹೋಮ್‌ಸ್ಟೇ ಮುಂಗಡ ಬರಲೇ ಇಲ್ಲ. ಇಂಥ ಸಮಯದಲ್ಲಿ ಬುಕ್ ಮಾಡುವವರು ಹಣ ಕಳಿಸುವ ಮುಂಚೆಯೇ, ರದ್ದಾದರೆ ಏನು ಮಾಡುತ್ತೀರಿ ಎಂದು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಆಮೇಲೆ ನಿಲ್ಲುವುದಿಲ್ಲ.

ಮೊದಲ 21 ದಿನ ಹೇಗೋ ಕಳೆದುಹೋಯಿತು. ಏಪ್ರಿಲ್ 14ಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದೆವು. ಅದು ಮೇ 3ಕ್ಕೆ ಹೋಯಿತು, ಆಮೇಲೆ 17ಕ್ಕೆ, ಆಮೇಲೆ 31ಕ್ಕೆ. ಮುಗಿಯುವ ದಿನವೇ ಗೊತ್ತಿಲ್ಲ ಎನ್ನುವುದೇ ದೊಡ್ಡ ಹಿಂಸೆ. ಆಫೀಸಿನ ಕೆಲಸ ಊಟದ ಮೇಜಿನ ಮೇಲೆ. ದಿನವಿಡೀ ಕುರ್ಚಿ. ಏಪ್ರಿಲ್ ಕೊನೆಗೆ ಒಂದು ದಿನ ಗ್ಯಾಸ್ ಸಿಲಿಂಡರ್ ಹಿಡಿದು ಮೂರು ಮಹಡಿ ಹತ್ತಿದೆ. ಬಾಗಿಲ ಹತ್ತಿರ ಬಂದಾಗ ಎದೆ ಬಡಿತ ಕಿವಿಗೆ ಕೇಳುತ್ತಿತ್ತು. ನಿಜವಾಗಿ ಭಯ ಆಯಿತು. ಬೆಟ್ಟ ಹತ್ತುವ ಕಾಲು ಕೈಬಿಟ್ಟು ಹೋಗುತ್ತಿದೆ ಅನ್ನಿಸಿತು.

ಆ ಸಮಯದಲ್ಲಿ ಕೆಲವರು ಕದ್ದು ಕಾಡಿಗೆ ಹೋಗುವ ಮಾತಾಡುತ್ತಿದ್ದರು. ಬೈಕಿನಲ್ಲಿ ಹಿಂದಿನ ದಾರಿ ಹಿಡಿದರೆ ಯಾರೂ ಕೇಳುವುದಿಲ್ಲ ಅಂತ. ಇದು ನನಗೆ ಒಂದು ಚೂರೂ ಒಪ್ಪಿಗೆ ಆಗಲಿಲ್ಲ, ಇವತ್ತಿಗೂ ಆಗುವುದಿಲ್ಲ. ಆಗ ಎಷ್ಟೋ ಹಳ್ಳಿಗಳವರು ಊರ ದಾರಿಗೆ ಮುಳ್ಳು ಹಾಕಿ, ಕಲ್ಲು ಇಟ್ಟು ಅಡ್ಡ ಕಟ್ಟಿದ್ದರು. ಪೇಟೆಯವರು ಬರಬೇಡಿ ಎಂದು ಅವರು ಹೇಳಿದ್ದು ಹೆದರಿಕೆಯಿಂದ. ಬೆಟ್ಟದ ಬುಡದ ಊರುಗಳಲ್ಲಿ ದೊಡ್ಡ ಆಸ್ಪತ್ರೆ ಇರುವುದಿಲ್ಲ, ವಯಸ್ಸಾದವರೇ ಜಾಸ್ತಿ. ನಮಗೆ ಅನ್ನ ಹಾಕಿದ ಮನೆಗಳವು. ಅಲ್ಲಿಗೆ ಕಾಯಿಲೆ ಹೊತ್ತು ಹೋಗುವುದು ಯಾವ ಚಾರಣ? ಮುಚ್ಚಿದೆ ಅಂದರೆ ಮುಚ್ಚಿದೆ. ಮನೆಯೊಳಗೇ ಏನು ಮಾಡಬಹುದು ಅದನ್ನು ಮಾಡುವುದು ಎಂದು ತೀರ್ಮಾನ ಮಾಡಿದೆ.

ನಾವಿರುವುದು ಜಯನಗರದ ಹತ್ತಿರ, ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ನಾಲ್ಕು ಮಹಡಿ, ಮೇಲೆ ತಾರಸಿ. ಟೇಪ್ ಹಿಡಿದು ಒಂದು ಮೆಟ್ಟಿಲು ಅಳೆದು ಗುಣಿಸಿದೆ. ಕೆಳಗಿನಿಂದ ತಾರಸಿಗೆ ಸುಮಾರು 12 ಮೀಟರ್ ಬಂತು. ಕುಮಾರ ಪರ್ವತದ 1,500 ಮೀಟರ್ ಏರಬೇಕು ಅಂದರೆ ಈ ಮೆಟ್ಟಿಲನ್ನು 125 ಸಲ ಹತ್ತಬೇಕು. ಒಂದೇ ದಿನ ಅಷ್ಟು ಹತ್ತಬೇಕಾಗಿಲ್ಲ. ಆದರೆ ಒಂದು ಅಳತೆ ಸಿಕ್ಕಿದ್ದು ದೊಡ್ಡ ಸಮಾಧಾನ. ವಾರಕ್ಕೆ ಇಷ್ಟು ಮೀಟರ್ ಎಂದು ಕ್ಯಾಲೆಂಡರಿನಲ್ಲಿ ಬರೆಯತೊಡಗಿದೆ. ನೀವೂ ಶುರು ಮಾಡುವುದಾದರೆ ಮೊದಲು ಮೆಟ್ಟಿಲು ಅಳೆಯಿರಿ. ನಿಮಿಷ ಎಣಿಸುವುದಕ್ಕಿಂತ ಎತ್ತರ ಎಣಿಸುವುದು ಬೆಟ್ಟಕ್ಕೆ ಹತ್ತಿರದ ಲೆಕ್ಕ.

ಎರಡನೇ ವಾರಕ್ಕೆ ತಕರಾರು ಬಂತು. ಬೆಳಗಿನ ಜಾವ ಧಡಧಡ ಸದ್ದು, ನಿದ್ದೆ ಇಲ್ಲ ಎಂದು ಕೆಳಗಿನ ಮನೆಯವರು ಹೇಳಿದರು. ಎಲ್ಲರೂ ಮುಟ್ಟುವ ಕಂಬಿಯನ್ನು ನಾನು ಅಷ್ಟು ಸಲ ಹಿಡಿಯುತ್ತೇನೆ ಎಂಬ ಭಯ ಇನ್ನೊಬ್ಬರಿಗೆ. ಇಬ್ಬರ ಮಾತೂ ನ್ಯಾಯವೇ. ಹೊತ್ತನ್ನು ಏಳು ಗಂಟೆಗೆ ಬದಲಾಯಿಸಿದೆ. ಕಂಬಿ ಮುಟ್ಟುವುದು ಬಿಟ್ಟೆ, ಮಾಸ್ಕ್ ಹಾಕಿಕೊಂಡೆ, ಯಾರಾದರೂ ಬಂದರೆ ಮಹಡಿಯ ಮೂಲೆಗೆ ಸರಿದು ನಿಂತೆ. ಪಾದವನ್ನು ಸದ್ದಿಲ್ಲದೆ ಊರುವುದು ಕಲಿತೆ. ಸದ್ದಿಲ್ಲದೆ ಊರಬೇಕಾದರೆ ದೇಹದ ಭಾರವನ್ನು ತೊಡೆ ನಿಧಾನವಾಗಿ ಹಿಡಿದುಕೊಂಡು ಇಳಿಸಬೇಕು. ಬೆಟ್ಟ ಇಳಿಯುವಾಗ ಬೇಕಾಗುವುದು ಅದೇ. ಮಾಸ್ಕ್ ವಿಷಯದಲ್ಲಿ ಒಂದು ಮಾತು. ಬೆವರಿಗೆ ಒದ್ದೆಯಾದ ಮಾಸ್ಕಿನಲ್ಲಿ ಉಸಿರು ಕಟ್ಟುತ್ತದೆ. ಜೇಬಿನಲ್ಲಿ ಒಣಗಿದ್ದು ಇನ್ನೊಂದು ಇರಲಿ, ವೇಗ ಕಡಿಮೆ ಇರಲಿ.

ಬೆನ್ನಿನ ಚೀಲಕ್ಕೆ ಭಾರ ಹಾಕಿದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನೇ ಜಾಸ್ತಿ ಜನ ಕೇಳುತ್ತಾರೆ. ಕಲ್ಲು, ಇಟ್ಟಿಗೆ ಬೇಡ, ಬೆನ್ನಿಗೆ ಒತ್ತುತ್ತದೆ. ನಾನು ಹಳೆಯ ನೀರಿನ ಬಾಟಲಿ ತುಂಬಿಸಿದೆ. ಒಂದು ಲೀಟರ್ ಅಂದರೆ ಒಂದು ಕಿಲೋ, ಲೆಕ್ಕ ಸುಲಭ. ಬಾಟಲಿಗಳನ್ನು ಹಳೆಯ ಟವೆಲ್‌ನಲ್ಲಿ ಸುತ್ತಿ, ಬೆನ್ನಿಗೆ ತಾಗುವ ಹಾಗೆ, ಹೆಗಲೆಲುಬಿನ ಮಟ್ಟಕ್ಕೆ ಇಟ್ಟೆ. ಭಾರ ಚೀಲದ ತಳಕ್ಕೆ ಇಳಿದರೆ ಹಿಂದಕ್ಕೆ ಎಳೆಯುತ್ತದೆ. ಶುರುವಿನಲ್ಲಿ ಮೂರು ಲೀಟರ್ ಮಾತ್ರ. ತಾರಸಿಗೆ ಹೋಗಿ ಬಾಟಲಿ ಖಾಲಿ ಮಾಡುವುದು, ಆ ನೀರನ್ನು ಅಮ್ಮನ ಕರಿಬೇವು, ದಾಸವಾಳದ ಕುಂಡಗಳಿಗೆ ಹಾಕುವುದು, ಖಾಲಿ ಚೀಲದಲ್ಲಿ ಇಳಿಯುವುದು. ಹತ್ತುವಾಗ ಭಾರ, ಇಳಿಯುವಾಗ ಹಗುರ. ಮಂಡಿಗೆ ಅಭ್ಯಾಸ ಇಲ್ಲದವರು ಹೀಗೇ ಶುರು ಮಾಡುವುದು ಒಳ್ಳೆಯದು. ಆ ಬೇಸಿಗೆಯಲ್ಲಿ ಕುಂಡದ ಗಿಡಗಳು ಚೆನ್ನಾಗಿ ಚಿಗುರಿದವು, ಅಮ್ಮನಿಗೆ ಖುಷಿ.

ಭಾರ ಹೊತ್ತು ಇಳಿಯುವುದನ್ನು ಶುರು ಮಾಡಿದ್ದು ಮೇ ತಿಂಗಳಲ್ಲಿ. ಕೆಲವು ದಿನಕ್ಕೆ ಎಡ ಮಂಡಿಚಿಪ್ಪಿನ ಕೆಳಗೆ ನೋವು ಬಂತು. ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಮಾತ್ರ ಚುಚ್ಚುವ ನೋವು. ಆಸ್ಪತ್ರೆಗೆ ಹೋಗುವ ಕಾಲ ಅಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಹೊರಗಿನಿಂದ ಮನೆಗೆ ಏನು ತರುತ್ತೇನೋ ಎಂಬ ಹೆದರಿಕೆ. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರು ವಿಡಿಯೋ ಕಾಲ್‌ನಲ್ಲಿ ಸಿಕ್ಕರು. ಒಂದು ಸಲಕ್ಕೆ 400 ರೂಪಾಯಿ. ಫೋನನ್ನು ಮೆಟ್ಟಿಲ ಕೆಳಗೆ ಇಟ್ಟು ನನ್ನನ್ನು ಇಳಿಸಿ ನೋಡಿದರು. ಒಂದೊಂದು ಮೆಟ್ಟಿಲಿಗೂ ಮಂಡಿ ಒಳಕ್ಕೆ ವಾಲುತ್ತಿತ್ತು. ತೊಂದರೆ ಮಂಡಿಯದ್ದಲ್ಲ, ಸೊಂಟದ ಪಕ್ಕದ ಸ್ನಾಯು ಸಡಿಲ ಆಗಿದೆ, ಕೂತು ಕೂತು ಹೀಗಾಗಿದೆ ಅಂದರು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು, ಬೆನ್ನ ಮೇಲೆ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಕನ್ನಡಿ ಮುಂದೆ ನಿಂತು ಒಂದು ಗೇಣಿಗಿಂತ ಚಿಕ್ಕ ಮೆಟ್ಟಿಲಿನಿಂದ ಒಂದೇ ಕಾಲಲ್ಲಿ ನಿಧಾನವಾಗಿ ಕೆಳಗಿಳಿಯುವುದು. ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಭಾರ ತೆಗೆದು ಇದನ್ನೇ ಮಾಡಿದೆ. ಜೂನ್ ಮಧ್ಯಕ್ಕೆ ನೋವು ಹೋಯಿತು. ಚಾರಣಕ್ಕೆ ತಯಾರಾಗುವ ಎಲ್ಲರಿಗೂ ನಾನು ಮೊದಲು ಹೇಳುವುದು ಈಗ ಇದನ್ನೇ. ಉಸಿರು ಎರಡು ಮೂರು ವಾರದಲ್ಲಿ ವಾಪಸ್ ಬರುತ್ತದೆ. ಇಳಿಯುವ ಕಾಲು ಬರಲು ತಿಂಗಳುಗಳು ಬೇಕು. ತಯಾರಿ ಮಾಡುವುದಾದರೆ ಇಳಿಯುವುದಕ್ಕೆ ಮಾಡಿ.

ಮೇ 19ರಿಂದ ಬಸ್ ಓಡಾಟ ಶುರುವಾಯಿತು, ಪಾರ್ಕ್‌ಗಳೂ ಬೆಳಗ್ಗೆ ಸಂಜೆ ಸ್ವಲ್ಪ ಹೊತ್ತು ತೆರೆದವು. ನನಗೆ ಬೇಕಾಗಿದ್ದು ಲಾಲ್‌ಬಾಗ್ ಬಂಡೆ. ಕೆಂಪೇಗೌಡರ ಗೋಪುರ ಇರುವ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು ಎನ್ನುತ್ತಾರೆ. ಎತ್ತರ ಏನೂ ಇಲ್ಲ, ಆದರೆ ಮೆಟ್ಟಿಲು ಕೊಡದ ಒಂದನ್ನು ಅದು ಕೊಡುತ್ತದೆ. ಮೆಟ್ಟಿಲು ಎಲ್ಲವೂ ಸಮ, ಪಾದ ಯೋಚಿಸಬೇಕಾಗಿಲ್ಲ. ಬಂಡೆಯ ಮೇಲೆ ಪ್ರತಿ ಹೆಜ್ಜೆಗೂ ಕಣಕಾಲು ಬೇರೆ ಬೇರೆ ಕಡೆಗೆ ಬಾಗುತ್ತದೆ. ಮೊದಲ ದಿನ ಓರೆಯಾಗಿ ನಡೆದಾಗ ಕಣಕಾಲು ನಡುಗಿತು. ಆಮೇಲೆ ಮನೆಯಲ್ಲಿ ಹಲ್ಲುಜ್ಜುವಾಗ ಮಡಚಿದ ಜಮಖಾನದ ಮೇಲೆ ಒಂಟಿ ಕಾಲಲ್ಲಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆ. ಇದಕ್ಕೆ ಪ್ರತ್ಯೇಕ ಸಮಯವೂ ಬೇಡ, ದುಡ್ಡೂ ಬೇಡ.

ಎಲ್ಲ ಸರಿಹೋಯಿತು ಅನ್ನುವಾಗ ಜುಲೈ ಬಂತು. ಭಾನುವಾರದ ಲಾಕ್‌ಡೌನ್, ಆಮೇಲೆ 14ರ ರಾತ್ರಿಯಿಂದ 22ರ ಬೆಳಗಿನವರೆಗೆ ಬೆಂಗಳೂರು ಪೂರ್ತಿ ಬಂದ್. ಅದೇ ವಾರ ನಮ್ಮ ಮಹಡಿಯ ಎದುರು ಮನೆಯವರಿಗೆ ಪಾಸಿಟಿವ್ ಬಂತು. ನಮ್ಮ ಬಾಗಿಲಿಗೂ ಚೀಟಿ ಅಂಟಿಸಿದರು, ಮೆಟ್ಟಿಲಿಗೆ ಟೇಪ್ ಕಟ್ಟಿದರು. ಎರಡು ವಾರ ಹೊಸಿಲು ದಾಟುವ ಹಾಗಿಲ್ಲ. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಅಮ್ಮ ಒಂದು ಸಲ ಕೆಮ್ಮಿದರೂ ನಾನು ಥರ್ಮಾಮೀಟರ್ ಹುಡುಕುತ್ತಿದ್ದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಎದುರು ಮನೆಯವರು ಹುಷಾರಾಗಿ ಬಂದರು, ನಮಗೂ ಏನೂ ಆಗಲಿಲ್ಲ.

ಆ ಎರಡು ವಾರ ಕೈ ಹಿಡಿದದ್ದು ಬಸ್ಕಿ. ನಮ್ಮ ಅಜ್ಜ ಗರಡಿಮನೆಗೆ ಹೋಗುತ್ತಿದ್ದವರು. ಅವರು ಬಸ್ಕಿ ಹೊಡೆಯುತ್ತಿದ್ದ ರೀತಿ ಅಮ್ಮನಿಗೆ ನೆನಪಿತ್ತು. ಎದುರು ಕುರ್ಚಿ ಹಾಕಿಕೊಂಡು ಕೂತು ನನಗೆ ಹೇಳಿಕೊಟ್ಟರು. ಬೆನ್ನು ನೆಟ್ಟಗೆ, ಇಳಿಯುವಾಗ ಉಸಿರು ಒಳಗೆ, ಏಳುವಾಗ ಹೊರಗೆ, ಕೆಳಗೆ ಹೋಗಿ ಕುಕ್ಕರಿಸಿ ಬೀಳಬಾರದು. ಮಂಡಿ ನೋವಿನ ನೆನಪಿದ್ದುದರಿಂದ ಮೊದಲು ಅರ್ಧ ಬಸ್ಕಿ, ಆಮೇಲೆ ಪೂರ್ತಿ. ಹಾಲ್‌ನಿಂದ ಬಾಲ್ಕನಿಗೆ ಒಂದೇ ಒಂದು ಮೆಟ್ಟಿಲು ಇದೆ. ಚೀಲ ಹೊತ್ತು ಅದನ್ನೇ ಹತ್ತುವುದು, ಇಳಿಯುವುದು, ಒಂದು ಕಾಲಿಗೆ ಇಷ್ಟು, ಇನ್ನೊಂದಕ್ಕೆ ಇಷ್ಟು. ಬೇಜಾರಿನ ಕೆಲಸ, ಸುಳ್ಳು ಹೇಳುವುದಿಲ್ಲ. ರೇಡಿಯೋ ಹಾಕಿಕೊಂಡು ಮಾಡುತ್ತಿದ್ದೆ. ಬೆಳಗ್ಗೆ ರಾಗಿ ಅಂಬಲಿ, ರಾತ್ರಿ ಅನ್ನ ಕಡಿಮೆ ಮಾಡಿ ಹೆಸರುಕಾಳು, ಮೊಟ್ಟೆ. ತೂಕ ಹೆಚ್ಚದ ಹಾಗೆ ನೋಡಿಕೊಂಡಿದ್ದು ಮಂಡಿಗೆ ಮಾಡಿದ ದೊಡ್ಡ ಉಪಕಾರ.

ಮಳೆ ಕಳೆದು ಅಕ್ಟೋಬರ್ ಬಂದಾಗ ಮೊದಲು ಹೋದದ್ದು ಶಿವಗಂಗೆಗೆ. ದೂರದ ಕಾಡಿಗೆ ಹೋಗುವ ಮುಂಚೆ ಹತ್ತಿರದ ಬೆಟ್ಟದಲ್ಲಿ ಒಂದು ಸಲ ನೋಡಿಬಿಡೋಣ ಎಂದು. ಕಾಲು ಚೆನ್ನಾಗಿತ್ತು. ಶೂ ಕೈಕೊಟ್ಟಿತು. ಒಳಕಲ್ಲು ತೀರ್ಥ ದಾಟಿ, ಕಂಬಿ ಹಿಡಿದು ಹತ್ತುವ ಕಡಿದಾದ ಜಾಗಕ್ಕೆ ಬಂದಾಗ ಬಲಗಾಲಿನ ತಳ ಹಿಮ್ಮಡಿ ಕಡೆಯಿಂದ ಬಾಯಿ ಬಿಟ್ಟಿತು. ನೋಡಿದರೆ ನಡುವಿನ ಪದರ ಬಿಸ್ಕತ್ತಿನ ಹಾಗೆ ಪುಡಿಯಾಗಿ ಉದುರುತ್ತಿದೆ. ಮೇಲಿಂದ ಹೊಚ್ಚ ಹೊಸದರಂತೆ ಕಾಣುವ ಶೂ ಅದು! ಲೇಸ್ ಬಿಚ್ಚಿ ತಳಕ್ಕೆ ಸುತ್ತಿ ಕಟ್ಟಿ, ಅಲ್ಲಿಂದಲೇ ಇಳಿದು ಬಂದೆ. ಚಾರಣದ ಶೂಗಳ ನಡುಪದರ ಹಲವು ಸಲ ಪಾಲಿಯುರೆಥೇನ್‌ದು. ಹಾಕದೆ ಇಟ್ಟರೆ ಗಾಳಿಯ ತೇವಕ್ಕೆ ಅದು ಒಳಗೊಳಗೇ ಪುಡಿಯಾಗುತ್ತದೆ. ಮಳೆಗಾಲ ಪೂರ್ತಿ ಡಬ್ಬದಲ್ಲಿ ಮುಚ್ಚಿಟ್ಟಿದ್ದ ಶೂ. ಮನೆಗೆ ಬಂದು ಉಳಿದ ಸಾಮಾನು ತೆಗೆದು ನೋಡಿದೆ. ಹೆಡ್‌ಟಾರ್ಚ್ ಒಳಗೆ ಸೆಲ್ ಸೋರಿ ಹಸಿರು ಹಿಡಿದಿತ್ತು. ಮಳೆ ಹೊದಿಕೆಯ ಒಳಪದರ ಅಂಟಂಟಾಗಿತ್ತು. ಹೊಸ ಶೂಗೆ 3,200 ರೂಪಾಯಿ ಆಯಿತು, ಟಾರ್ಚ್‌ಗೆ ಬೇರೆ. ಬಹಳ ದಿನದ ಮೇಲೆ ಹೊರಡುವವರು ಕನಿಷ್ಠ ಒಂದು ತಿಂಗಳು ಮುಂಚೆ ಶೂವನ್ನು ಬಗ್ಗಿಸಿ, ತಿರುಚಿ, ಹಾಕಿಕೊಂಡು ಮೆಟ್ಟಿಲು ಹತ್ತಿ ನೋಡಿ. ಹೊಸದು ತಂದರೆ ಕಾಲಿಗೆ ಹೊಂದಲು ಎರಡು ಮೂರು ವಾರ ಬೇಕು. ಟಾರ್ಚ್‌ನ ಸೆಲ್ ತೆಗೆದೇ ಇಡಿ. ಶಿವಗಂಗೆಗೆ ಹೋಗುವವರಿಗೆ ಇನ್ನೊಂದು ಮಾತು. ಕೋತಿಗಳಿವೆ, ಕೈಯಲ್ಲಿ ಚೀಲ ನೇತಾಡಿಸಿಕೊಂಡು ನಡೆಯಬೇಡಿ.

ಕುಮಾರ ಪರ್ವತ ತೆರೆದಿದೆಯೋ ಇಲ್ಲವೋ ಎಂದು ತಿಳಿಯುವುದೇ ಒಂದು ಕೆಲಸ ಆಯಿತು. ಫೋನ್ ಮಾಡಿದ ಕಡೆಯೆಲ್ಲ ಒಂದೊಂದು ಉತ್ತರ. ಒಬ್ಬರು ಬನ್ನಿ ಅಂದರು, ಇನ್ನೊಬ್ಬರು ಆದೇಶ ಬಂದಿಲ್ಲ ಅಂದರು. ಕೊನೆಗೆ ಕುಕ್ಕೆಯಲ್ಲಿ ಪರಿಚಯದವರೊಬ್ಬರು ಹೋಗಿ ಕೇಳಿಕೊಂಡು ಬಂದು, ಬಿಡುತ್ತಿದ್ದಾರೆ ಎಂದು ಹೇಳಿದ ಮೇಲೆ ಡಿಸೆಂಬರ್ 24ರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿದೆವು. 23ಕ್ಕೆ ಸರ್ಕಾರ ರಾತ್ರಿ ಕರ್ಫ್ಯೂ ಘೋಷಿಸಿತು! ಇಂಗ್ಲೆಂಡಿನಲ್ಲಿ ಕಂಡ ಕೊರೋನಾದ ಹೊಸ ತಳಿಯ ಭಯ ಆಗ. ಬಸ್ ಬಿಡುತ್ತಾರಾ, ಸ್ಟ್ಯಾಂಡ್‌ಗೆ ಹೋಗಲು ಆಟೋ ಸಿಗುತ್ತದಾ, ಏನೂ ಗೊತ್ತಿಲ್ಲ. 24ರಂದು ಕಟ್ಟಿದ ಚೀಲವನ್ನು ಬಾಗಿಲ ಹತ್ತಿರ ಇಟ್ಟು ಟಿವಿ ಮುಂದೆ ಕೂತಿದ್ದೆ. ಅದೇ ದಿನ ಕರ್ಫ್ಯೂ ವಾಪಸ್ ತೆಗೆದುಕೊಂಡರು. ಚಾರಣಕ್ಕೆ ಮುಂಚೆ ಅಷ್ಟು ದಣಿದಿದ್ದು ಇದೇ ಮೊದಲು.

ಬಸ್ ಹತ್ತುವಾಗ ಜ್ವರ ನೋಡಿದರು, ಮಾಸ್ಕ್ ಕಡ್ಡಾಯವಾಗಿತ್ತು. ರಾಜ್ಯದ ಒಳಗೆ ಪಾಸ್ ಏನೂ ಕೇಳಲಿಲ್ಲ. ಆಧಾರ್ ಮತ್ತು ಅದರ ಒಂದು ಜೆರಾಕ್ಸ್ ಇಟ್ಟುಕೊಂಡಿರಿ. ಚಿಲ್ಲರೆ ನಗದೂ ಬೇಕು, ಮೇಲೆ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಕುಕ್ಕೆಯಲ್ಲಿ ಚಂಪಾಷಷ್ಠಿಯ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಆ ಸಮಯ ತಪ್ಪಿಸಿ.

ಬೆಳಕು ಹರಿಯುವ ಹೊತ್ತಿಗೆ ನಡೆಯಲು ಶುರು ಮಾಡಿದೆವು. ಮೇಲೆ ಉಳಿಯುವ ವ್ಯವಸ್ಥೆ ಈ ಸಮಯದಲ್ಲಿ ಹೇಗಿರುತ್ತದೋ ಎಂದು ಅದನ್ನು ನೆಚ್ಚಿಕೊಳ್ಳದೆ, ಒಂದೇ ದಿನದಲ್ಲಿ ಹೋಗಿ ಬರುವ ಲೆಕ್ಕ ಹಾಕಿದ್ದೆವು. ದಾರಿ ನಡುವೆ ಸಿಗುವ ಭಟ್ಟರ ಮನೆಯವರೆಗೆ ದಟ್ಟ ಕಾಡು, ಬೇರುಗಳ ಮೇಲೆ ಏರು, ನೆರಳಿದೆ. ಅಲ್ಲೇ ಗಿರಿಗದ್ದೆಯಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಆಗ ಅಲ್ಲಿ ಹೆಸರು ಬರೆದು, ಶುಲ್ಕ ಕಟ್ಟಿ, ಚೀಲ ತೆರೆದು ತೋರಿಸಬೇಕಿತ್ತು. ಕ್ರಿಸ್‌ಮಸ್ ರಜೆ ಆದ್ದರಿಂದ ಸಾಲು ಉದ್ದ ಇತ್ತು, ಅಲ್ಲೇ ಒಂದು ಗಂಟೆ ಹೋಯಿತು. ಇದನ್ನು ಸಮಯದ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಆಮೇಲೆ ಪೂರ್ತಿ ಬೋಳು ಹುಲ್ಲುಗಾವಲು, ತಲೆ ಮೇಲೆ ಬಿಸಿಲು. ಕಲ್ಲು ಮಂಟಪದ ಹತ್ತಿರ ನೀರು ತುಂಬಿಕೊಂಡೆವು. ಅಲ್ಲಿಂದ, ತುದಿಗೆ ಮುಂಚೆ ಸಿಗುವ ಶಿಖರ ಶೇಷಪರ್ವತದ ಏರು ನಿಜವಾಗಿ ಕಾಲು ಹಿಡಿಯುವಂಥದ್ದು. ಶೇಷಪರ್ವತ ದಾಟಿ, ಬೆಟ್ಟದ ಮಡಿಲಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡಿಗಿಳಿದು, ಕೊನೆಯ ಬಂಡೆ ಹತ್ತಿದರೆ ತುದಿ. ಅಲ್ಲಿ ನಿಂತಾಗ ಕಣ್ಣಲ್ಲಿ ನೀರು ಬಂತು. ಯಾಕೆ ಎಂದು ವಿವರಿಸಬೇಕಾಗಿಲ್ಲ ಅಲ್ವಾ, ಆ ವರ್ಷವನ್ನು ಎಲ್ಲರೂ ನೋಡಿದ್ದೇವೆ.

ಇಳಿಯುವಾಗ ತಯಾರಿಯ ವ್ಯತ್ಯಾಸ ಗೊತ್ತಾಯಿತು. ನಮ್ಮ ಜೊತೆ ಬಂದಿದ್ದ ಒಬ್ಬ ಗೆಳೆಯ ವರ್ಷಪೂರ್ತಿ ಸೈಕಲ್ ತುಳಿದವನು. ಹತ್ತುವಾಗ ನಮಗಿಂತ ಎಷ್ಟೋ ಮುಂದೆ, ಉಸಿರೇ ಏರಲಿಲ್ಲ. ಶೇಷಪರ್ವತ ಇಳಿಯುವ ಹೊತ್ತಿಗೆ ಅವನ ತೊಡೆ ನಡುಗಲು ಶುರುವಾಯಿತು. ಭಟ್ಟರ ಮನೆ ಬರುವಾಗ ಅಡ್ಡಡ್ಡ ಇಳಿಯುತ್ತಿದ್ದ. ಸೈಕಲ್‌ನಲ್ಲಿ ತೊಡೆ ತಳ್ಳುವ ಕೆಲಸ ಮಾಡುತ್ತದೆ, ಭಾರ ತಡೆದು ಹಿಡಿಯುವ ಕೆಲಸ ಇರುವುದಿಲ್ಲ. ಅವನ ಚೀಲ ನಾವು ಹಂಚಿಕೊಂಡೆವು, ಒಂದು ಕೋಲು ಕೊಟ್ಟೆವು. ಕೆಳಗಿನ ಕಾಡು ಇಳಿಯುವಾಗ ಕತ್ತಲಾಯಿತು, ಹೊಸ ಟಾರ್ಚ್ ಕೆಲಸಕ್ಕೆ ಬಂತು. ಕುಕ್ಕೆಗೆ ಬಂದಾಗ ನನ್ನ ಮಂಡಿ ಎರಡೂ ಸರಿಯಾಗಿದ್ದವು. ಮರುದಿನ ತೊಡೆ ಸ್ವಲ್ಪ ಬಿಗಿ ಇತ್ತು, ಅಷ್ಟೇ. ಅವನು ಮೂರು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದನಂತೆ. ಈಗ ಚೀಲಕ್ಕೆ ಬಾಟಲಿ ತುಂಬಿಸುವುದು ಹೇಗೆ ಎಂದು ಕೇಳಿದ್ದಾನೆ.

ಹೊರಡುವ ಯೋಚನೆ ಇರುವವರು ಜನವರಿಯೊಳಗೇ ಹೋಗಿ. ಬೇಸಿಗೆ ಹತ್ತಿರ ಬಂದರೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವ ಸಾಧ್ಯತೆ ಇದೆ. ಆಗ ಕೊರೋನಾದಿಂದ ನಿಯಮಗಳೂ ದಿನಕ್ಕೊಂದು ಥರ ಬದಲಾಗುತ್ತಿದ್ದವು. ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ, ಬಿಡುವುದಿಲ್ಲ ಎಂದರೆ ಟಿಕೆಟ್ ರದ್ದು ಮಾಡಿ. ನಮ್ಮ ಮುಂದಿನ ಯೋಚನೆ ಕುದುರೆಮುಖ. ಅದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಗುವವರೆಗೆ ವಾರದ ಮೀಟರ್ ಲೆಕ್ಕ ಹೊಸ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೇನೆ.